ಕರಿಯನ ಒಂದು ಫೋಟೊಗೆ ಒಂಬತ್ತು ಬೆಳಗು

ಜಿಲ್ಲಾ ಪುಟದಲ್ಲಿ ನಾಯಿಗೆ ಇರುವುದು ಎರಡೇ ಜಾಗ. ಒಂದು, 'ಬೀದಿ ನಾಯಿಗಳ ಹಾವಳಿ: ಸಾರ್ವಜನಿಕರಲ್ಲಿ ಆತಂಕ'. ಇನ್ನೊಂದು, ಪುಟದ ಬುಡದಲ್ಲಿ ಎಲ್ಲೋ 'ಮಾಲೀಕನ ಜೀವ ಉಳಿಸಿದ ಶ್ವಾನ'. ಮೊದಲನೆಯದಕ್ಕೆ ಹಾಕುವ ಚಿತ್ರ ಎಲ್ಲರಿಗೂ ಗೊತ್ತು. ಬಸ್ ನಿಲ್ದಾಣದ ಮುಂದೆ ಐದಾರು ನಾಯಿ, ಯಾವುದರ ಮುಖವೂ ನೆಟ್ಟಗೆ ಕಾಣುವುದಿಲ್ಲ, ಅಡಿಯಲ್ಲಿ 'ಸಂಗ್ರಹ ಚಿತ್ರ' ಎಂಬ ಸಾಲು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಅಂತ ಬೈಕಿನ ಮೇಲೆ ಸುತ್ತಿ ಸುದ್ದಿ ಕಳಿಸುವ ನಮ್ಮಂಥ ಬಿಡಿ ಸುದ್ದಿಗಾರರ ಫೋನಿನಲ್ಲಿ ಅಂಥದ್ದೊಂದು ಚಿತ್ರ ಇದ್ದೇ ಇರುತ್ತದೆ. ಒಮ್ಮೆ ತೆಗೆದರೆ ಮೂರು ವರ್ಷ ಓಡುತ್ತದೆ.

ನಾಯಿ ಕಡಿತದ ಸುದ್ದಿ ಬೇಡ ಅನ್ನುತ್ತಿಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಆ ಸುದ್ದಿ ಬರೆಯಲೇಬೇಕು. ಆದರೆ ಆ ಪುಟಗಳನ್ನು ಓದಿ ಓದಿ ನಾಯಿ ಎಂಬ ಪದವೇ ಬಹುವಚನ ಆಗಿಹೋಗಿದೆ. ಒಂದು ನಾಯಿಯನ್ನು ಒಂದೇ ನಾಯಿಯಾಗಿ ನೋಡುವ ಕೆಲಸ ಹೇಗಿರುತ್ತದೆ ಎಂಬುದನ್ನು ನಾವು ಕಲಿತದ್ದು ಕಾಗಿನೆಲೆಯ ಹೊರಗಿನ ಒಂದು ಹೊಲದಲ್ಲಿ. ಅದನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ಕನಕ ಜಯಂತಿಯ ಗದ್ದಲ ಮುಗಿದಿತ್ತು. ಮೆಕ್ಕೆಜೋಳ ಕಟಾವಾದ ಹೊಲದಲ್ಲಿ ಕುರಿ ಹಿಂಡೊಂದು ಬೀಡು ಬಿಟ್ಟಿತ್ತು. ಹೊಲದವರಿಗೆ ಗೊಬ್ಬರ, ಕುರಿಯವರಿಗೆ ಮೇವು, ಜೊತೆಗೆ ಒಂದಿಷ್ಟು ಕಾಳು. ನಾವು ಹೋಗಿದ್ದು ರೋಗ ಬಂದು ಸತ್ತ ಕುರಿಗಳ ಪರಿಹಾರದ ವಿಚಾರ ಕೇಳಲು. ಮಾತು ಮುಗಿಸಿ ಎದ್ದಾಗ ಹಿಂಡಿನ ಅಜ್ಜ ಕೇಳಿದರು: "ಪೇಪರ್‌ನವ್ರ, ಸತ್ತ ಕುರಿದು ಫೋಟೊ ತಗೊಂಡ್ರಿ. ಇದು ಜೀವಂತ ಐತಿ. ಇದರದೂ ಒಂದ್ ತಗೀರಿ. ಗ್ವಾಡಿಗೆ ಹಾಕಾಕ ಬೇಕ್ರಿ."

'ಇದು' ಅಂದರೆ ಕರಿಯ. ಹನ್ನೊಂದು ವರ್ಷದ ಕಪ್ಪು ಗಂಡು ನಾಯಿ. ಎದೆಯ ಮೇಲೆ ಅಂಗೈಯಷ್ಟು ಬಿಳಿ. ಎಡಗಿವಿ ಅರ್ಧ ಹರಿದಿತ್ತು, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಕಡೆ ಮೇಯಿಸುವಾಗ ತೋಳದ ಕೂಡ ಬಡಿದಾಡಿದ್ದಂತೆ. ಬಲಗಣ್ಣಿಗೆ ಪೊರೆ ಬಂದಿತ್ತು. ಅಜ್ಜ ಲೆಕ್ಕ ಹೇಳಿದರು: "ಮನ್ಯಾಗ ಅಪ್ಪಂದೈತಿ, ಅವ್ವಂದೈತಿ, ಕಾಳಗದಾಗ ಗೆದ್ದ ಟಗರಿಂದೂ ಐತಿ. ಇದರದ ಒಂದೂ ಇಲ್ಲ. ಮುಂದಿನ ದೀವಳಿಗಿಗೆ ಇರ್ತೈತೊ ಇಲ್ಲೊ."

ಅಲ್ಲೇ ಫೋನಿನಲ್ಲಿ ಒಂದು ತೆಗೆದು ತೋರಿಸಿದೆವು. ಅಜ್ಜ ಫೋನನ್ನು ದೂರ ಹಿಡಿದು ನೋಡಿದರು. "ನಾಯಿ ಚಲೋ ಬಂದೈತ್ರಿ. ಕರಿಯ ಬಂದಿಲ್ಲ."

ಆ ಒಂದು ಮಾತು ನಮಗೆ ಒಂಬತ್ತು ಬೆಳಗಿನ ಕೆಲಸ ಕೊಟ್ಟಿತು.

ದೊಡ್ಡ ನಗರಗಳಲ್ಲಿ ಇದೇ ಒಂದು ಕಸುಬು. ಫೈನ್ ಆರ್ಟ್ ಡಾಗ್ ಪೋರ್ಟ್ರೇಟ್ ಅನ್ನುತ್ತಾರೆ. ಹೆಸರು ದೊಡ್ಡದಾದರೂ ವಿಷಯ ಸರಳ: ಒಂದು ನಾಯಿ, ಅದರ ಸುತ್ತ ಬೇಡದ್ದೆಲ್ಲ ತೆಗೆದ ಹಿನ್ನೆಲೆ, ಬೇಕೆಂದೇ ಆರಿಸಿದ ಬೆಳಕು, ಕೊನೆಗೆ ಗೋಡೆಯ ಮೇಲೆ ಬಹಳ ವರ್ಷ ಉಳಿಯುವ ಪ್ರಿಂಟು. ಅಮೆರಿಕದ ವಿಲಿಯಂ ವೆಗ್‌ಮನ್ ತನ್ನ ವೈಮರಾನರ್ ತಳಿಯ ನಾಯಿ ಮ್ಯಾನ್ ರೇಯನ್ನು 1970ರ ದಶಕದ ಉದ್ದಕ್ಕೂ ಚಿತ್ರಿಸಿದವರು. 1979ರಿಂದ ಅವರು ಬಳಸಿದ ಪೊಲರಾಯ್ಡ್ ಕ್ಯಾಮೆರಾ ನೂರು ಕಿಲೊಗಿಂತ ಭಾರ. ಒಂದೊಂದು ಚಿತ್ರವೂ 20 ಇಂಚು ಅಗಲ, 24 ಇಂಚು ಎತ್ತರ. ಅಂಥ ಕ್ಯಾಮೆರಾ ನಾಯಿಯ ಹಿಂದೆ ಓಡುವುದಿಲ್ಲ, ನಾಯಿಯೇ ಬಂದು ಅದರ ಮುಂದೆ ಕೂರಬೇಕು. ಎಲಿಯಟ್ ಅರ್ವಿಟ್ ಇನ್ನೊಂದು ದಾರಿ ಹಿಡಿದರು. ಬೀದಿಯಲ್ಲೇ ನಾಯಿಯ ಎತ್ತರಕ್ಕೆ ಕ್ಯಾಮೆರಾ ಇಳಿಸಿ, ತಾವೇ ಬೊಗಳಿ ನಾಯಿಯ ಗಮನ ಸೆಳೆಯುತ್ತಿದ್ದರು.

ನಮ್ಮ ಹಳೆಯ ಮನೆಗಳಲ್ಲೂ ಒಂದು ನಾಯಿಯ ಚಿತ್ರ ಇತ್ತು. ಗ್ರಾಮಾಫೋನ್ ತಟ್ಟೆಯ ನಡುವೆ, ಕೊಳವೆಗೆ ಕಿವಿ ಕೊಟ್ಟು ಕೂತ ಎಚ್‌ಎಂವಿ ನಾಯಿ. ಅದೂ ಯಾವುದೋ ಒಂದು ನಾಯಿ ಅಲ್ಲ, ಇಂಗ್ಲೆಂಡಿನ ನಿಪ್ಪರ್. ಅದು ಸತ್ತದ್ದು 1895ರಲ್ಲಿ. ಅದನ್ನು ಸಾಕಿದ್ದ ಫ್ರಾನ್ಸಿಸ್ ಬರಾಡ್ ಆ ಚಿತ್ರ ಬರೆದದ್ದು ಅದು ಸತ್ತ ಮೇಲೆ. ಕರಿಯನ ವಿಷಯದಲ್ಲಿ ನಮಗೆ ಅಷ್ಟು ತಡ ಮಾಡುವ ಮನಸ್ಸಿರಲಿಲ್ಲ.

ಮೊದಲ ಎರಡು ಬೆಳಗು ಕ್ಯಾಮೆರಾ ಚೀಲದಿಂದ ಹೊರಗೆ ಬರಲಿಲ್ಲ. ಹಿಂಡಿನ ನಾಯಿಗೆ ರಾತ್ರಿಯೇ ಕೆಲಸ. ಬೆಳಗಾದ ಮೇಲೆ ರೊಟ್ಟಿ ಮಜ್ಜಿಗೆ ತಿಂದು ಮಲಗುತ್ತದೆ. ಅದಕ್ಕೂ ಕುರಿ ಬಿಡುವುದಕ್ಕೂ ನಡುವೆ ಸಿಗುವುದು ಮುಕ್ಕಾಲು ತಾಸು. ಆ ಹೊತ್ತಿನಲ್ಲಿ ಹೋಗಿ, ಕರಿಯನಿಗೆ ಅರ್ಧ ಬೆನ್ನು ತಿರುಗಿಸಿ, ಅಜ್ಜನ ಕೂಡ ಮಾತಾಡುತ್ತಾ ಕೂತೆವು. ನಾಯಿಯ ಲೆಕ್ಕದಲ್ಲಿ ಗುರುತಿಲ್ಲದವರು ನೆಟ್ಟ ಕಣ್ಣಿನಿಂದ ನೋಡುವುದೆಂದರೆ ಜಗಳಕ್ಕೆ ಕರೆದಂತೆ. ಕ್ಯಾಮೆರಾದ ಲೆನ್ಸು ಎವೆಯಿಕ್ಕದ ದೊಡ್ಡ ಕಣ್ಣು. ಅದಕ್ಕೇ ಮೂರನೇ ದಿನ ಕ್ಯಾಮೆರಾವನ್ನು ನೆಲದ ಮೇಲಿಟ್ಟು ಸುಮ್ಮನಾದೆವು. ಕರಿಯ ಬಂದು ಮೂಸಿ, ತುಸು ಹೊತ್ತು ನಿಂತು, ಹೋಗಿ ಮಲಗಿದ. ನಾಲ್ಕನೇ ದಿನ ಬರೀ ಶಟರ್ ಸಪ್ಪಳ ಕೇಳಿಸಿದೆವು. ಕಿವಿ ಒಮ್ಮೆ ಅಲುಗಿತು, ಎರಡನೇ ಸಲ ಅಲುಗಲಿಲ್ಲ.

ನಾಯಿ ಸಾಕೆನ್ನುವುದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹೇಳುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುತ್ತದೆ. ಮುಖ ಆಚೆ ತಿರುಗಿಸುತ್ತದೆ. ಇವು ಕಂಡವೋ, ಆ ದಿನದ ಕೆಲಸ ಮುಗಿಯಿತು. ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ನಮಗೆ ಒಂದು ದಿನವೂ ಸಿಗಲಿಲ್ಲ. ಇಪ್ಪತ್ತು ಕಿಲೊಮೀಟರ್ ಬೈಕ್ ಓಡಿಸಿ ಬಂದದ್ದು ನಾಯಿಗೆ ಗೊತ್ತಿರುವುದಿಲ್ಲ.

ಇನ್ನು ಕ್ಯಾಮೆರಾದ ವಿಷಯ. ನಮ್ಮದು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಜೊತೆಗೆ ಒಂದು 50 ಎಂಎಂ ಲೆನ್ಸು. ಹೊಸ ಕ್ಯಾಮೆರಾಗಳು ಪ್ರಾಣಿಯ ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡುತ್ತವೆ. ನಮ್ಮದರಲ್ಲಿ ಕಣ್ಣು ಹುಡುಕುವುದು ನಮ್ಮ ಕೆಲಸ. ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಕಾಗಲಿಲ್ಲ, ಆದರೆ ನಾಲ್ಕು ವಿಷಯ ತಿಳಿದಿರಬೇಕಾಯಿತು.

ಒಂದು, ಎತ್ತರ. ನಿಂತು ತೆಗೆದರೆ ತಲೆ ದೊಡ್ಡದು, ಕಾಲು ಗಿಡ್ಡ, ಕಣ್ಣು ಮೇಲಕ್ಕೆ. ಮೇಲಿಂದ ತೆಗೆದ ಚಿತ್ರದಲ್ಲಿ ಎಲ್ಲ ನಾಯಿಯೂ ಬೇಡುವ ನಾಯಿಯೇ. ಕರಿಯ ಯಾರನ್ನೂ ಬೇಡಿದವನಲ್ಲ. ಹೊಟ್ಟೆಯ ಮೇಲೆ ಮಲಗಿ, ಮೆಕ್ಕೆಜೋಳದ ಕೂಳೆ ಚುಚ್ಚಿಸಿಕೊಂಡು, ಲೆನ್ಸನ್ನು ಅವನ ಕಣ್ಣಿನ ಮಟ್ಟಕ್ಕೆ ತಂದೆವು.

ಎರಡು, ಮೂತಿ. ಮನುಷ್ಯನ ಮುಖ ಚಪ್ಪಟೆ, ನಾಯಿಯದು ಉದ್ದ. ಫೋನ್ ಹಿಡಿದು ಹತ್ತಿರ ಹೋದರೆ ಮೂಗು ಬದನೆಕಾಯಿಯಷ್ಟಾಗಿ, ಕಣ್ಣು ಹಿಂದೆಲ್ಲೋ ಹೋಗುತ್ತದೆ. ಅದಕ್ಕೆ ದೂರ ಸರಿಯಬೇಕು. ಅಪರ್ಚರ್ 1.8 ಇಟ್ಟರೆ ಹಿನ್ನೆಲೆ ಚೆಂದ ಕರಗುತ್ತದೆ, ಆದರೆ ಕಣ್ಣು ಚೂಪಾದರೆ ಮೂಗು ಹತ್ತಿಯಂತೆ ಮಸುಕು. 5.6ಕ್ಕೆ ತಂದಾಗ ಮೂಗಿನ ತುದಿಯಿಂದ ಕಣ್ಣಿನವರೆಗೆ ಹಿಡಿತಕ್ಕೆ ಬಂತು. ತೇಕುವ ನಾಯಿಯ ತಲೆ ಸದಾ ಅಲುಗುತ್ತಿರುತ್ತದೆ, ಆದ್ದರಿಂದ ಶಟರ್ 1/250 ಸೆಕೆಂಡಿಗಿಂತ ನಿಧಾನ ಮಾಡುವಂತಿಲ್ಲ.

ಮೂರು, ಕಪ್ಪು. ಕ್ಯಾಮೆರಾದ ಮೀಟರಿಗೆ ಲೋಕವೆಲ್ಲ ನಡು ಬೂದು ಬಣ್ಣ. ಚೌಕಟ್ಟಿನ ತುಂಬ ಕಪ್ಪು ನಾಯಿ ಬಂದರೆ 'ಕತ್ತಲೆ ಇದೆ' ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ, ನಾಯಿ ಬೂದಿ ಬಳಿದುಕೊಂಡಂತೆ ಕಾಣುತ್ತದೆ. ಹೀಗಾಗಿ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿದೆವು. ಬಿಸಿಲಿಗೆ ನಿಲ್ಲಿಸಿದರೆ ಬೆನ್ನು ಬೆಳ್ಳಗೆ ಮಿಂಚಿ ಹೊಟ್ಟೆ ಗುಂಡಿಯಾಗುತ್ತದೆ. ಹೊಲದಲ್ಲಿ ಪಂಪ್‌ಸೆಟ್ಟಿನ ಸಣ್ಣ ಕೋಣೆಯೊಂದಿತ್ತು, ಗೋಡೆಗೆ ಸುಣ್ಣ ಬಳಿದಿದ್ದರು. ಅದರ ನೆರಳಿನಲ್ಲಿ, ಪಕ್ಕದಿಂದ ಬರುವ ಮೆತ್ತನೆ ಬೆಳಕಿಗೆ ಕರಿಯನ ಕೂದಲು ಎಳೆ ಎಳೆಯಾಗಿ ಕಂಡಿತು. ಹಿಂದಿನ ಸುಣ್ಣದ ಗೋಡೆ ಮಸುಕಾಗಿ, ಮಂಜು ಬಿದ್ದ ಬೆಳಗಿನ ಬಣ್ಣ ತಾಳಿತು. ನೆರಳಿನ ಕಡೆಯ ಕೆನ್ನೆಗೆ ತುಸು ಬೆಳಕು ಚೆಲ್ಲಬೇಕಿತ್ತು. ಗೊಬ್ಬರದ ಬಿಳಿ ಚೀಲ ಹಿಡಿದರೆ ಅದರ ಸರಸರ ಸಪ್ಪಳಕ್ಕೆ ಕರಿಯ ಎದ್ದು ಹೋಗುತ್ತಿದ್ದ. ಅಜ್ಜ ತಮ್ಮ ಒಗೆದ ಧೋತರ ಕೊಟ್ಟರು. ಧೋತರ ಸಪ್ಪಳ ಮಾಡುವುದಿಲ್ಲ.

ನಾಲ್ಕು, ಕಣ್ಣು. ಫ್ಲ್ಯಾಶ್ ಹಾಕುವ ಮಾತೇ ಇಲ್ಲ. ನಾಯಿಯ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಂದಕ್ಕೆ ಎಸೆಯುವ ಪದರ ಇರುತ್ತದೆ. ಇರುಳಲ್ಲಿ ತೋಳ ಕಾಣಿಸುವುದು ಅದರಿಂದಲೇ, ಫ್ಲ್ಯಾಶಿಗೆ ಹಸಿರಾಗಿ ಉರಿಯುವುದೂ ಅದರಿಂದಲೇ. ಕರಿಯನ ಪೊರೆ ಬಂದ ಕಣ್ಣನ್ನು ನೆರಳಿಗೆ ತಿರುಗಿಸಿ ಮರೆಮಾಡಬಹುದಿತ್ತು. ಅಜ್ಜನನ್ನು ಕೇಳಿದೆವು. "ಆ ಕಣ್ಣೂ ಬರ್ಲ್ರಿ. ಅದರಾಗ ನೋಡೇ ಇಷ್ಟು ವರ್ಷ ಕಾದೈತಿ" ಅಂದರು. ಹಾಗಾಗಿ ಮುಖ ಎದುರಾಗಿಯೇ ಬೇಕಾಯಿತು, ಫೋಕಸ್ ಚಲೋ ಇದ್ದ ಎಡಗಣ್ಣಿನ ಮೇಲೆ.

ಇಷ್ಟೆಲ್ಲ ಹೊಂದಿಸಿ ಏಳನೇ ಬೆಳಗಿಗೆ ಬಂದರೂ ಅಜ್ಜ ಹೇಳಿದ್ದು ಬರಲಿಲ್ಲ. ಚೂಪಾದ ಚಿತ್ರಗಳಿದ್ದವು, ಬೆಳಕು ಸರಿ ಇತ್ತು. ನಾಲಿಗೆಯಿಂದ ಲೊಚಗುಟ್ಟಿದರೆ ಕಿವಿ ನಿಮಿರುತ್ತಿದ್ದವು, ಅದೂ ಎರಡು ಸಲ ಮಾತ್ರ. ಮೂರನೇ ಸಲಕ್ಕೆ ನಾಯಿಗೆ ನಮ್ಮ ಆಟ ತಿಳಿದುಬಿಡುತ್ತದೆ. ರೊಟ್ಟಿ ತೋರಿಸಿದರೆ ನೋಡುತ್ತಿದ್ದ, ಆದರೆ ಅದು ರೊಟ್ಟಿ ನೋಡುವ ಮುಖ.

ಚಹಾದಂಗಡಿಯಲ್ಲಿ ನಗೆಯೂ ಶುರುವಾಗಿತ್ತು. "ಜಾತಿ ನಾಯಿ ಅಲ್ಲ ಏನಲ್ಲ, ಇದಕ್ಕ ಇಷ್ಟ್ಯಾಕ್ರಿ?" ಎಂದು ಒಬ್ಬರು ಕೇಳಿದರು. ಕೇಳಿದ್ದು ಕಾಗಿನೆಲೆಯಲ್ಲಿ. ಭತ್ತಕ್ಕೂ ರಾಗಿಗೂ ಯಾರು ಹೆಚ್ಚೆಂಬ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೊನೆಗೆ ಕೆಡದೆ ಉಳಿದ ರಾಗಿಯನ್ನೇ ರಾಮನಿಂದ ಗೆಲ್ಲಿಸಿದ 'ರಾಮಧಾನ್ಯ ಚರಿತೆ' ಬರೆದ ಕನಕದಾಸರ ಊರಿನಲ್ಲಿ. ನಾವು ಅಷ್ಟನ್ನೇ ನೆನಪಿಸಿದೆವು. ಅವರು ನಕ್ಕು ಚಹಾದ ದುಡ್ಡು ತಾವೇ ಕೊಟ್ಟರು.

ಆದರೂ ಆ ಪ್ರಶ್ನೆ ಸುಲಭದ್ದಲ್ಲ. ಕರ್ನಾಟಕದಲ್ಲಿ ನಾಯಿಯ ಚೆಂದದ ಚಿತ್ರ ಅಂದರೆ ಮೊದಲು ನೆನಪಾಗುವುದು ಮುಧೋಳ. 2005ರಲ್ಲಿ ಅಂಚೆ ಇಲಾಖೆ ದೇಶಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳ ನಾಯಿಯೂ ಇತ್ತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಹೆಸರೆತ್ತಿದ ಮೇಲಂತೂ ಅದರ ಚಿತ್ರಗಳಿಗೆ ಲೆಕ್ಕವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವನ್ನು ತೆಗೆಯುವ ರೀತಿ ಒಂದೇ: ಪಕ್ಕದಿಂದ, ನಾಲ್ಕೂ ಕಾಲು ಕಾಣುವಂತೆ, ಆಳದ ಎದೆ, ಒಳಗೆ ಸೇರಿದ ಹೊಟ್ಟೆ, ಉದ್ದ ಮೂತಿ. ಅವು ತಳಿಯ ಚಿತ್ರ. ತಳಿಯ ಚಿತ್ರಕ್ಕೆ ಯಾವ ನಾಯಿ ನಿಂತರೂ ನಡೆಯುತ್ತದೆ, ಲಕ್ಷಣ ಸರಿ ಇದ್ದರೆ ಸಾಕು. ಕರಿಯನಿಗೆ ತಳಿಯೇ ಇಲ್ಲ. ಅವನ ಚಿತ್ರಕ್ಕೆ ಅವನೇ ಬೇಕು.

ಒಂದೇ ಒಂದು ನಾಯಿಗೆ ಗೌರವ ಕೊಟ್ಟ ಚಿತ್ರ ನಮ್ಮ ನಾಡಿನಲ್ಲಿ ಸಾವಿರ ವರ್ಷದ ಹಿಂದೆಯೇ ಇತ್ತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 950ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಮಣಲೇರ ತೋರಿದ ಶೌರ್ಯಕ್ಕೆ ಮೆಚ್ಚಿ ಗಂಗರ ಬೂತುಗ 'ಏನು ಬೇಕು' ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಆ ಕಾಳಿ ಒಂದು ಕಾಡುಹಂದಿಯ ಕೂಡ ಕಾದಾಡಿ, ಎರಡೂ ಸತ್ತವು. ನೆನಪಿಗೆ ಕಲ್ಲು ನೆಡಿಸಿದರು, ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ಯುದ್ಧ ಗೆದ್ದ ರಾಜರ ಹೆಸರಿದೆ, ಆದರೆ ಕೆತ್ತಿದ ಚಿತ್ರ ನಾಯಿ ಮತ್ತು ಹಂದಿಯದು. ಕಾಳಿ ಅಲ್ಲಿ ಪೋಸು ಕೊಟ್ಟು ನಿಂತಿಲ್ಲ. ತನ್ನ ಕೆಲಸದಲ್ಲಿದೆ.

ಗೊರವ ಎಂದಾಗ ನಮ್ಮ ಕಡೆಯವರಿಗೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ ನೆನಪಾಗದೆ ಇರದು. ಮಾಲತೇಶನ ಗೊರವರು ದೋಣಿ ಸೇವೆಯಲ್ಲಿ ನಾಯಿಯಂತೆ ಬೊಗಳುತ್ತಾ, ಮರದ ದೋಣಿಗೆ ಬಾಯಿ ಹಾಕಿ ಉಣ್ಣುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ದೇವರ ನಾಯಿ ಎನಿಸಿಕೊಳ್ಳುವುದು ಅಲ್ಲಿ ಅವಮಾನವಲ್ಲ, ಕಾವಲಿನ ಪದವಿ. ಈ ಎರಡನ್ನೂ ಯೋಚಿಸುತ್ತಿದ್ದಾಗಲೇ ಕರಿಯನ ಚಿತ್ರದಲ್ಲಿ ಏನು ಬರುತ್ತಿಲ್ಲ ಎಂಬುದು ಹೊಳೆಯಿತು. ನಾವು ಅವನನ್ನು ನಮ್ಮ ಕಡೆ ನೋಡು ಅನ್ನುತ್ತಿದ್ದೆವು. ಕರಿಯ ಮನುಷ್ಯರನ್ನು ನೋಡುವ ನಾಯಿ ಅಲ್ಲ. ಅವನು ನೋಡುವುದು ಹಿಂಡನ್ನು.

ಎಂಟನೇ ಬೆಳಗು ಕೂರುವ ಜಾಗ ಬದಲಿಸಿದೆವು. ಪಂಪ್‌ಸೆಟ್ ಕೋಣೆಯ ನೆರಳಿನಲ್ಲಿ ಅಜ್ಜನ ಕಂಬಳಿ ಹಾಸಿದರೆ ಕರಿಯ ತಾನಾಗಿ ಬಂದು ಕೂರುತ್ತಿದ್ದ. ಕಂಬಳಿಗೂ ಕುರಿ ದಡ್ಡಿಗೂ ನಡುವೆ ನೇರ ಗೆರೆ ಎಳೆದಂತೆ ಅಂದಾಜು ಮಾಡಿ, ಆ ಗೆರೆಯ ಮೇಲೆ ಮಲಗಿದೆವು. ಅವನ ದೃಷ್ಟಿ ಹಿಂಡಿಗೆ ಹೋಗಬೇಕಾದರೆ ನಮ್ಮ ಲೆನ್ಸಿನ ಮೇಲೆಯೇ ಹಾಯ್ದು ಹೋಗಬೇಕು. ಆ ದಿನ ಮೋಡ ಹೆಚ್ಚಾಗಿ ಬೆಳಕು ಸಾಲಲಿಲ್ಲ. ಒಂಬತ್ತನೇ ದಿನ ಏಳು ಗಂಟೆ ದಾಟಿತ್ತು. ನಮ್ಮ ಬೆನ್ನ ಹಿಂದೆ ಮರಿಯೊಂದು ತಾಯಿಯಿಂದ ತಪ್ಪಿಸಿಕೊಂಡು ಒದರಿತು. ನಾವು ಏನೂ ಮಾಡಲಿಲ್ಲ. ಕರಿಯ ತಲೆ ಎತ್ತಿದ. ಹರಿದ ಕಿವಿ ಅರ್ಧ ಮೇಲೆದ್ದಿತು. ಬಾಯಿ ಮುಚ್ಚಿತು. ಒಂದು ಕಣ್ಣಿನಲ್ಲಿ ಬೆಳಗಿನ ಬೆಳಕಿನ ಚುಕ್ಕಿ, ಇನ್ನೊಂದರಲ್ಲಿ ಹಾಲಿನಂಥ ಪೊರೆ. ಆರು ಸಲ ಒತ್ತಿದೆವು. ಮರಿ ತಾಯಿಯನ್ನು ಸೇರಿತು, ಕರಿಯ ಗದ್ದ ಕೆಳಗಿಟ್ಟು ಮಲಗಿದ.

ಆರರಲ್ಲಿ ಒಂದು ಅಜ್ಜ ಹೇಳಿದ ಚಿತ್ರವಾಗಿತ್ತು. ತೋರಿಸಿದಾಗ ಅವರು ಚಲೋ ಬಂದೈತಿ ಅನ್ನಲಿಲ್ಲ. "ಮರಿ ಯಾವುದು ಒದರಿತ್ತು ಆಗ?" ಎಂದು ಕೇಳಿದರು. ಚಿತ್ರದಲ್ಲಿ ಮರಿ ಇರಲಿಲ್ಲ.

ಸುದ್ದಿ ಚಿತ್ರದಲ್ಲಿ ಒಂದು ಕಡ್ಡಿಯನ್ನೂ ಸೇರಿಸಬಾರದು, ತೆಗೆಯಬಾರದು ಎಂದು ಡಿಪ್ಲೊಮಾದಲ್ಲಿ ಕಲಿಸಿದ್ದರು. ಪೋರ್ಟ್ರೇಟಿಗೆ ಆ ಕಟ್ಟುಪಾಡಿಲ್ಲ, ತಿದ್ದುವವರು ಬೇಕಾದಷ್ಟು ತಿದ್ದುತ್ತಾರೆ. ನಾವು ಗೋಡೆಯ ಮೂಲೆಯ ಒಂದು ಪೈಪನ್ನು ಕತ್ತಲಾಗಿಸಿದೆವು, ಅಷ್ಟೇ. ಕಿವಿ, ಪೊರೆ, ನರೆತ ಮೂತಿ ಇದ್ದ ಹಾಗೆ ಉಳಿದವು. ಕುತ್ತಿಗೆಯ ಉಣ್ಣಿ ಹುಳಗಳನ್ನು ಕಂಪ್ಯೂಟರಿನಲ್ಲಿ ತೆಗೆಯುವ ಪ್ರಸಂಗ ಬರಲಿಲ್ಲ, ಅಜ್ಜ ದಿನಾ ಕೈಯಿಂದಲೇ ತೆಗೆಯುತ್ತಿದ್ದರು.

ಹೊಳೆಯುವ ಕಾಗದದಲ್ಲಿ ಕಪ್ಪು ನಾಯಿಯ ಚಿತ್ರ ಮಾಡಿಸಿದರೆ ಎದುರಿನ ಬಾಗಿಲೇ ಅದರಲ್ಲಿ ಕಾಣುತ್ತದೆ. ಹುಬ್ಬಳ್ಳಿಯಿಂದ ಹತ್ತಿ ನಾರಿನ ಮ್ಯಾಟ್ ಕಾಗದದ ಮೇಲೆ 12-18 ಇಂಚಿನ ಪ್ರಿಂಟು ಹಾಕಿಸಿದೆವು. ಒಲೆಯ ಹೊಗೆ, ಮಳೆಗಾಲದ ತೇವ ಇರುವ ಮನೆ. ಚಿತ್ರ ಗಾಜಿಗೆ ಅಂಟಿಕೊಳ್ಳದಂತೆ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ ಕಟ್ಟು ಹಾಕಿಸಿದೆವು. ಖರ್ಚು ನಮ್ಮ ಹತ್ತು ಸುದ್ದಿಗಳ ಸಂಭಾವನೆಗಿಂತ ಹೆಚ್ಚಾಯಿತು. ಬೇಡವೆಂದರೂ ಅಜ್ಜ ಮರಿ ಮಾರಿದ ದುಡ್ಡಿನಲ್ಲಿ ಕೊಟ್ಟರು. "ಪುಕ್ಕಟ ಫೋಟೊ ಪೇಪರ್‌ದಾಗ ಬರ್ತಾವ್ರಿ. ಇದು ಮನ್ಯಾಂದು." ಅದೇ ಚಿತ್ರವನ್ನು ಜಿಲ್ಲಾ ಪುಟಕ್ಕೂ ಕಳಿಸಿದ್ದೆವು. 'ಇದರಲ್ಲಿ ಸುದ್ದಿ ಏನಿದೆ?' ಎಂದು ಡೆಸ್ಕಿನಿಂದ ಫೋನ್ ಬಂತು. ಉತ್ತರ ಹೇಳುವಷ್ಟರಲ್ಲಿ ಅವರಿಗೆ ಬೇರೆ ಕರೆ ಬಂತು.

ಸಂಕ್ರಾಂತಿ ಆದ ಮೇಲೆ ಹಿಂಡು ಬೇರೆ ಊರಿನ ಹೊಲಗಳಿಗೆ ಹೋಯಿತು. ಈ ಸಲ ಕರಿಯನನ್ನು ಕರೆದೊಯ್ಯಲಿಲ್ಲ. ಮನೆಯ ಕಟ್ಟೆಯ ಮೇಲೆ, ಹಿಂಡು ಹೋದ ದಾರಿಗೆ ಮುಖ ಮಾಡಿ ಮಲಗುತ್ತಾನೆ. ಒಳಗೆ ಗೋಡೆಯ ಮೇಲೆ ಟಗರಿನ ಪಕ್ಕ ಅವನ ಚಿತ್ರ ಇದೆ.

ಡೆಸ್ಕಿನವರ ಪ್ರಶ್ನೆಗೆ ನಮ್ಮ ಉತ್ತರ ಇದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ, ಸಂತಾನಹರಣ ಮಾಡಿ ರೇಬಿಸ್ ಲಸಿಕೆ ಹಾಕಿದ ಬೀದಿ ನಾಯಿಯ ಕಿವಿಯಲ್ಲಿ ಗುರುತಿಗೆ ಸಣ್ಣ ಕತ್ತರಿ ಇರಬೇಕು. ಊರಿನಲ್ಲಿ ಆ ಕೆಲಸ ಆಗಿದೆಯೋ, ಬರೀ ಬಿಲ್ಲು ಆಗಿದೆಯೋ ಎಂಬುದು ನಾಯಿಯ ಕಿವಿಯಲ್ಲೇ ಬರೆದಿರುತ್ತದೆ. 'ಸಂಗ್ರಹ ಚಿತ್ರ'ದಲ್ಲಿ ಆ ಕಿವಿ ಕಾಣುವುದಿಲ್ಲ. ಅದು ಕಾಣಬೇಕಾದರೆ ನಾಯಿಗೆ ಗಾಬರಿಯಾಗದಷ್ಟು ದೂರದಲ್ಲಿ ಬಗ್ಗಿ ಕೂತು, ಒಂದೊಂದರ ಮುಖವನ್ನೂ ನೋಡುತ್ತಾ ಕಾಯಬೇಕು. ಮುಂದಿನ ವಾರದಿಂದ ಬ್ಯಾಡಗಿ ಬಸ್ ನಿಲ್ದಾಣದ ಹತ್ತಿರ ಬೆಳಗ್ಗೆ ಆರೂವರೆಗೆ ಶುರು ಮಾಡುತ್ತಿದ್ದೇವೆ. ನಿಮ್ಮ ನಿಮ್ಮ ತಾಲ್ಲೂಕಿನಲ್ಲಿ ಯಾರಾದರೂ ಕೂರುವುದಾದರೆ ಹೇಳಿ. ಚಿತ್ರಗಳನ್ನು ಒಟ್ಟಿಗೆ ಇಟ್ಟು ಕಿವಿಗಳನ್ನು ಎಣಿಸೋಣ.